ಬೀಗ ಹಾಕಿದ ಮನೆಯ ನಲ್ಲಿಗಳು

ಕಳ್ಳ ನನ್ಮಗ, ಅಂದರು ಸಂಘದ ಅಧ್ಯಕ್ಷರು, ಅನ್ನುವಾಗ ಬಾಯಿಂದ ಸಿಡಿದ ಎಂಜಲಿನ ಹನಿಯೊಂದು ನನ್ನ ಅಂಗಿಯ ಗುಂಡಿಯ ಮೇಲೆ ಕೂತಿತು, ಒರೆಸಿಕೊಳ್ಳಲೋ ಬೇಡವೋ, ಇಡೀ ಬೀದಿ ಇಲ್ಲೇ ನಿಂತಿದೆ, ಬ್ಯಾಂಕು ಜಪ್ತಿ ಮಾಡಿದ ಈ ಮನೆಯ ಗೇಟಿನ ಮುಂದೆ ಮೂವತ್ತು ನಲವತ್ತು ಜನ, ಭಾನುವಾರದ ಬೆಳಗು, ಮೇಲ್ಮನೆಯ ಆಂಟಿ ಬಟ್ಟೆ ಹಿಂಡುವುದನ್ನು ಅರ್ಧಕ್ಕೆ ಬಿಟ್ಟು ಬಾಲ್ಕನಿಯಿಂದ ಬಗ್ಗಿದ್ದಾರೆ, ಮತ್ತು ಅಮ್ಮ, ಅಮ್ಮನ ಕಡೆ ನೋಡಬಾರದು. ಅಧ್ಯಕ್ಷರಿಗೆ ಬೀದಿಯಲ್ಲಿ ಮೈಕು ಎಂದು ಹೆಸರು, ಪಿಸುಗುಟ್ಟಿದರೂ ಮೂರು ಬೀದಿಗೆ ಕೇಳುತ್ತದೆ, ಇವತ್ತು ಪಿಸುಗುಟ್ಟುತ್ತಲೂ ಇಲ್ಲ, ಪೈಪಿನ ಬಾಯಿಗೆಲ್ಲ ಎಷ್ಟು ನೀಟಾಗಿ ಪ್ಲಗ್ ಹಾಕಿದಾನೆ ನೋಡಿ ಸಾರ್, ಎಂದು ಹರಾಜಿಗೆ ಮುಂಚೆ ಮನೆ ನೋಡಲು ಬಂದ ಬ್ಯಾಂಕಿನ ಅಧಿಕಾರಿಗೆ ತೋರಿಸುತ್ತಿದ್ದಾರೆ, ಬೇರೆ ಕಳ್ಳ ಆಗಿದ್ರೆ ನಲ್ಲಿ ಕಿತ್ಕೊಂಡು ನೀರು ಹರಿಯೋಕೆ ಬಿಟ್ಟು ಹೋಗ್ತಿದ್ದ, ಇದು ಕೆಲಸ ಬಲ್ಲವನ ಕೈ, ನಮ್ಮ ಬೀದೀಲಿ ಪ್ಲಂಬರ್ ಇರೋದು ಇವನೊಬ್ಬನೇ. ಆಹಾ, ಏನು ತಲೆ! ನೀಟಾಗಿ ಮಾಡಿದ್ದೇ ತಪ್ಪಾಯಿತು, ಬಿಳಿ ಟೇಪನ್ನು ಬಿಗಿಯಾಗಿ ಸುತ್ತಿ, ತಿರುಪಿ, ಕೊನೆಗೆ ಬೆರಳಿಟ್ಟು ಜಿನುಗುತ್ತದೋ ಎಂದು ನೋಡಿದೆನಲ್ಲ, ನಾಲ್ಕಕ್ಕೂ ನೋಡಿದೆನಲ್ಲ, ಅದೇ ನನ್ನ ಸಹಿ, ಹಾಳುಗೆಡವಿ ಬಂದಿದ್ದರೆ ಇವತ್ತು ಸಭ್ಯ ಅನ್ನಿಸಿಕೊಳ್ಳುತ್ತಿದ್ದೆ.

ಮೂರು ವರ್ಷ ಈ ಮನೆಯ ಕಡೆ ಒಂದು ನಾಯಿಯೂ ತಿರುಗಿ ನೋಡಲಿಲ್ಲ, ಇಲ್ಲ, ನಾಯಿ ನೋಡಿತು, ಹಿತ್ತಲಲ್ಲಿ ಎರಡು ಸಲ ಮರಿ ಹಾಕಿತು. ಬ್ಯಾಂಕಿನವರು ಬಂದರು, ಈ ಮನೆ ಕಟ್ಟಿಸಿದ ಟೈಲರ್ ಮಾಮನ ಹೊಲಿಗೆ ಮೆಶಿನ್ನನ್ನು ಬೀದಿಗೆ ಇಟ್ಟರು, ಬೀಗ ಜಡಿದರು, ಬಾಗಿಲಿಗೆ ಕಾಗದ ಅಂಟಿಸಿದರು, ಈ ಸ್ವತ್ತು ಬ್ಯಾಂಕಿನ ಸ್ವಾಧೀನದಲ್ಲಿದೆ, ಅತಿಕ್ರಮಿಸಿದವರು ಶಿಕ್ಷಾರ್ಹರು — ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೂ ಅದು ಬಾಯಿಪಾಠ, ಒಳಗೆ ಹೋದರೆ ಏನಾಗುತ್ತದೆ ಎಂದು ಬರೆದಿದೆ, ಗುಡಿಸುವವರು ಯಾರು ಎಂದು ಎಲ್ಲೂ ಬರೆದಿಲ್ಲ. ಸಂಪಿನ ಮುಚ್ಚಳ ಮುರಿದು ಬಿತ್ತು, ನೀರು ಹಸಿರಾಯಿತು, ಗೋಡೆಯಾಚೆಗೇ ನಮ್ಮ ಅಡುಗೆಮನೆ, ಸೊಳ್ಳೆ ಅಂದರೆ ಸೊಳ್ಳೆ, ಅಮ್ಮನಿಗೆ ಜ್ವರ, ಹನ್ನೊಂದು ದಿನ ಆಸ್ಪತ್ರೆಯ ವರಾಂಡದಲ್ಲಿ ಮಲಗಿದ್ದಳು, ನಾನು ಬ್ಯಾಂಕಿಗೆ ಹೋದೆ, ಇದೇ ಅಧಿಕಾರಿ, ಇದೇ ಕನ್ನಡಕ, ಹರಾಜಾಗೋ ತನಕ ಇದ್ದದ್ದು ಇದ್ದ ಹಾಗೇ ಇರಬೇಕಪ್ಪ, ರೂಲ್ಸು. ನಗರಸಭೆಗೆ ಹೋದೆ, ಖಾಸಗಿ ಜಾಗ ಕಣಯ್ಯ, ನಾವು ಕಾಲಿಡೋ ಹಾಗಿಲ್ಲ. ಮೈಕಿನ ಮನೆಗೂ ಹೋದೆ, ಬ್ಯಾಂಕಿನ ಮನೆಗೆ ಸಂಘದ ಪೊರಕೆ ಯಾಕಪ್ಪಾ ಎಂದು ನಕ್ಕರು, ಬಾಗಿಲಲ್ಲೇ ನಿಲ್ಲಿಸಿ ನಕ್ಕರು. ಬೀಗ ನಿಮ್ಮದು, ಕಾಗದ ನಿಮ್ಮದು, ಹರಾಜು ನಿಮ್ಮದು, ಆ ಹಸಿರು ನೀರು ಮಾತ್ರ ಯಾರದೂ ಅಲ್ಲವೇ? ಕಸ ಎಸೆಯುವುದಕ್ಕೆ ಮಾತ್ರ ಅದು ಎಲ್ಲರ ಮನೆ, ಮೇಲ್ಮನೆಯ ಆಂಟಿಯ ಗುರಿಯೇ ಗುರಿ, ಬಾಲ್ಕನಿಯಿಂದ ಎಸೆದ ಚೀಲ ಒಂದು ದಿನವೂ ಗೋಡೆಗೆ ತಗುಲಲಿಲ್ಲ. ಆಮೇಲೆ ಗೋಡೆ ಹಾರಿದವನು ನಾನು, ಹೌದು, ಶಿಕ್ಷಾರ್ಹ, ಬಕೆಟ್ಟಿನಲ್ಲಿ ಸಂಪು ಖಾಲಿ ಮಾಡಿದೆ, ತಗಡು ಮುಚ್ಚಿ ಕಲ್ಲು ಹೇರಿದೆ, ಗಿಡಗಂಟಿ ಸವರಿದೆ, ಆಗ ಇವರಲ್ಲಿ ಒಬ್ಬರಾದರೂ ಗೇಟಿನ ಮುಂದೆ ಸಭೆ ಸೇರಿದರೇ, ಹೇಳಲಿ.

ನೋಡಪ್ಪ, ಎನ್ನುತ್ತಿದ್ದಾರೆ ಅಧಿಕಾರಿ, ದನಿಯಲ್ಲಿ ಬೆಣ್ಣೆ, ನೀನಲ್ಲದಿದ್ರೆ ಯಾರು ಅಂತ ಹೇಳಿಬಿಡು, ಅವರ ಮೇಲೆ ಸ್ಟೇಷನ್ನಲ್ಲಿ ಕಂಪ್ಲೇಂಟ್ ಕೊಡ್ತೀವಿ, ನಿನಗೇನೂ ಆಗಲ್ಲ. ಹೇಳ್ಲಿಲ್ಲ ಅಂದ್ರೆ, ಇದು ಮೈಕು, ಇವತ್ತಿಂದ ಈ ಬೀದೀಲಿ ಒಂದು ಮನೆಯವರೂ ನಿನ್ನನ್ನ ಹೊಸ್ತಿಲು ದಾಟಿಸಲ್ಲ, ಎಲ್ಲಾದ್ರೂ ಹೋಗಿ ಪೈಪ್ ರಿಪೇರಿ ಮಾಡ್ಕೋ. ಮೊನ್ನೆ ತಾನೇ ಇವರ ಬಚ್ಚಲು ಕಟ್ಟಿಕೊಂಡಾಗ ಮೊಣಕೈವರೆಗೂ ಕೈ ಹಾಕಿದವನು ಯಾರು, ಬಾರೋ ಮರಿ ಬೇಗ ಬಾರೋ ಎಂದು ಫೋನಿನಲ್ಲಿ ಅತ್ತವರು ಯಾರು? ಹೇಳೋ, ಎಂದಳು ಅಮ್ಮ, ದನಿ ಒಡೆದಿದೆ, ನೀನಲ್ಲ ಅಂತ ಹೇಳೋ. ನಾನಲ್ಲ — ಅನ್ನುವ ಹಾಗಿದ್ದರೆ ಇಷ್ಟು ಹೊತ್ತು ಯಾಕೆ ನಿಂತಿರುತ್ತಿದ್ದೆ ಅಮ್ಮಾ. ಮಂಗಳವಾರ ಮಧ್ಯಾಹ್ನ, ಊಟಕ್ಕೆ ಕೂತಿದ್ದೆ, ಗೋಡೆಯಾಚೆ ನೀರಿನ ಸದ್ದು, ಸೋರುವ ಸದ್ದಲ್ಲ, ಸಿಡಿಯುವ ಸದ್ದು, ಮನೆ ಕಸಿದವರಿಗೆ ನೀರಿನ ಸಂಪರ್ಕ ಕಡಿಸುವುದೂ ನೆನಪಿರಲಿಲ್ಲವಲ್ಲ, ಗೋಡೆ ಹತ್ತಿ ನೋಡಿದರೆ ಹಿತ್ತಲಲ್ಲಿ ಟೈಲರ್ ಮಾಮ, ಕೊರಳಲ್ಲಿ ಅಳತೆಯ ಪಟ್ಟಿ, ಕಾಲ ಬಳಿ ಬಟ್ಟೆಯ ಚೀಲ, ವಾಲ್ವು ಮುಚ್ಚದೆ ನಲ್ಲಿ ಬಿಚ್ಚಿದ್ದಾನೆ ಪಾಪ, ಸೂಜಿ ಹಿಡಿದ ಕೈಗೆ ಅದೆಲ್ಲ ಏನು ಗೊತ್ತು, ಒಂದು ಕೈಯಲ್ಲಿ ಹಿತ್ತಾಳೆ ನಲ್ಲಿ, ಇನ್ನೊಂದರ ಅಂಗೈಯನ್ನು ಪೈಪಿನ ಬಾಯಿಗೆ ಒತ್ತಿ ಹಿಡಿದಿದ್ದಾನೆ, ಬಿಟ್ಟು ಓಡಿಹೋಗಬಹುದಿತ್ತು, ಬಿಡಲಿಲ್ಲ, ಬೆರಳ ಸಂದಿಯಿಂದ ನೀರು ಮುಖಕ್ಕೆ ಹೊಡೆಯುತ್ತಿದೆ, ನಿಲ್ಸೋದು ಹೇಗೋ ಮಗಾ, ಗೋಡೆ ನೆನೀತಾ ಇದೆ ಕಣೋ, ಮನೆ ಹಾಳಾಗುತ್ತೆ. ಯಾರ ಮನೆ ಮಾಮ, ಎಂದು ಕೇಳಬೇಕೆನಿಸಿತು, ಗೋಡೆ ಹಾರಿದೆ. ಬಾಡಿಗೆ ಕೋಣೇಲಿ ಪ್ಲಾಸ್ಟಿಕ್ಕಿನ ನಲ್ಲಿ ಕಣೋ, ಎಂದ ಮಾಮ, ವಾರಕ್ಕೊಂದ್ಸಲ ಮುರಿಯುತ್ತೆ, ನಿಮ್ಮತ್ತೆ ದಿನಾ ಬೈತಾಳೆ, ಇವು ನಾನು ಆರಿಸಿ ತಂದಿದ್ದಲ್ಲವೇನೋ, ನೀನೇ ಅಲ್ಲವೇನೋ ಹಾಕಿದ್ದು. ಹೌದು, ನಾನೇ, ನನ್ನ ಮೊದಲ ಕೆಲಸ, ಒಂದೊಂದನ್ನೂ ಮಾಮ ತಿರುಗಿಸಿ ನೋಡಿ, ಬಲೇ, ಅಂದಿದ್ದ. ವಾಲ್ವು ಮುಚ್ಚಿ ಉಳಿದ ಮೂರನ್ನು ನಾನೇ ಬಿಚ್ಚಿ ಚೀಲಕ್ಕೆ ಹಾಕಿದೆ, ನಾಲ್ಕು ಪ್ಲಗ್ಗು ನನ್ನ ಡಬ್ಬಿಯಿಂದ, ಕಳ್ಳ ಅಂದರೆ ಕಳ್ಳ, ಹೋಗಲಿ, ಆದರೆ ಮೂರು ವರ್ಷದಲ್ಲಿ ಈ ಮನೆ ಹಾಳಾಗುತ್ತದೆ ಎಂದು ಅಳುಕಿದ ಒಂದೇ ಕೈ ಅದು, ಇವರು ಮನೆ ಕಸಿದುಕೊಂಡದ್ದೂ ಆ ಕೈಯಿಂದಲೇ.

ಈಗ ಅವನು ಇಲ್ಲೇ ಇದ್ದಾನೆ, ಗುಂಪಿನ ಹಿಂದೆ, ಮನೆ ಹರಾಜಿಗೆ ಬಂತೇನೋ ಎಂದು ಕೇಳಲು ಬಂದಿರಬೇಕು, ಮುಖ ಬಿಳಿಚಿದೆ, ತುಟಿ ಅಲುಗುತ್ತಿದೆ, ಬೇಡ ಮಾಮ, ಬಾಯಿ ಬಿಡಬೇಡ, ಇವರು ನಿನ್ನಿಂದ ಕಸಿದುಕೊಂಡದ್ದು ಸಾಲದೇ, ನಾನು ಇನ್ನೂ ಒಂದು ನಿಮಿಷ ಇಲ್ಲಿ ನಿಂತರೆ ನೀನು ಹೇಳಿಬಿಡುತ್ತೀ, ನಿಲ್ಲಬಾರದು — ಕಾಲು ಎತ್ತಿದೆ, ಗುಂಪು ಸರಿದು ದಾರಿ ಬಿಟ್ಟಿತು, ಮೈಗೆ ಮೈ ತಾಗಬಾರದೆಂಬಂತೆ, ನೋಡಿ ನೋಡಿ, ಹೆಂಗೆ ಜಾರ್ಕೊಂಡ, ಮೈಕು ಕೂಗುತ್ತಿದೆ, ಬಾಯಿಲ್ವೇನೋ ನಿನಗೆ, ಎಂದು ಅಮ್ಮ ಕರೆಯುತ್ತಿದ್ದಾಳೆ, ತಿರುಗಬಾರದು, ನಡೆ, ನಮ್ಮ ಗೇಟು ದಾಟಿತು, ಬೀದಿಯ ತಿರುವು ಬಂತು, ನಡೆ, ಆ ಅಂಗೈ, ಪೈಪಿನ ಬಾಯಿಗೆ ಒತ್ತಿದ ಆ ಅಂಗೈ, ಬೆರಳ ಸಂದಿಯಿಂದ ನೀರು, ಬಿಡಲಿಲ್ಲ ಅವನು, ಒದ್ದೆ ಮುಖ, ಆ ಅಂಗೈ