ಎತ್ತದ ಬಲೆ

ಎರಡೂ ತೋಳಿಗೆ ಪ್ಲಾಸ್ಟಿಕ್ ಕುರ್ಚಿ ಸಿಕ್ಕಿಸಿಕೊಂಡು ಒಳಗೆ ಬರುತ್ತಿದ್ದ ಅಳಿಯನನ್ನು ಅವಳು ಬಾಗಿಲಲ್ಲೇ ತಡೆದಳು.

“ಬಲೆ ಎತ್ತಿದ್ರಾ?”

“ಅತ್ತೆ, ಈಗ ಅದೆಲ್ಲ ಯಾಕೆ...”

“ಕೇಳಿದ್ದಕ್ಕೆ ಹೇಳಿ. ಎತ್ತಿದ್ರಾ, ಇಲ್ವಾ?”

ಅಳಿಯ ಕುರ್ಚಿಗಳನ್ನು ಕೆಳಗಿಟ್ಟ. “ಇಲ್ಲ. ದೊಡ್ಡಮಾವ ಬೇಡ ಅಂದ್ರು. ಇವತ್ತು ಯಾವ ದೋಣೀನೂ ನೀರಿಗಿಳಿಯಲ್ವಂತೆ. ಮಾವನಿಗೆ ಮರ್ಯಾದೆ ಅಂತ.”

ಹಜಾರದ ಮಂಚದ ಮೇಲೆ ಅವಳ ಗಂಡ ತನ್ನದೇ ದಿಂಬಿಗೆ ತಲೆಯಿಟ್ಟು ಮಲಗಿದ್ದ. ನಿನ್ನೆ ಸಂಜೆ ಬಲೆ ಬಿಟ್ಟು ಬಂದು “ಚಹಾ ಕೊಡೇ” ಎಂದಿದ್ದ. ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಕುರ್ಚಿಯಲ್ಲೇ ಕತ್ತು ವಾಲಿತ್ತು. ಊರಿನ ಉಳಿದವರೂ ಅಷ್ಟರಲ್ಲಿ ಬಲೆ ಬಿಟ್ಟಾಗಿತ್ತು. ಬೆಳಗಿನ ಜಾವಕ್ಕೆ ಎತ್ತಬೇಕಾದ ಬಲೆಗಳು ಬಿಸಿಲೇರಿದರೂ ಕಡಲಲ್ಲೇ ಇದ್ದವು.

ಮರ್ಯಾದೆಯಂತೆ, ಮರ್ಯಾದೆ! ಬಲೆಗೆ ಸಿಕ್ಕ ಆಮೆ ಉಸಿರಿಗೆ ಮೇಲೆ ಬರಲಾಗದೆ ನೀರಲ್ಲೇ ಸಾಯುತ್ತದೆ, ಆಗಾಗ ಎತ್ತಿ ನೋಡ್ರಯ್ಯ ಎಂದು ಜೀವಮಾನವಿಡೀ ಬಾಯಿ ಬಡಿದುಕೊಂಡವನಿಗೆ ಈ ಜನ ತೋರಿಸುವ ಮರ್ಯಾದೆ ಎಂದರೆ ಬಲೆ ಎತ್ತದೆ ಕೂರುವುದು. ಅವಳಿಗೆ ಅಳು ಬರುವ ಜಾಗದಲ್ಲಿ ಸಿಟ್ಟು ಬರುತ್ತಿತ್ತು.

“ಆಮೆ ಅಂದ್ರೆ ಪ್ರಾಣ ಬಿಡ್ತಿದ್ದ,” ಎಂದು ಕುರ್ಚಿಯಲ್ಲಿ ಕೂತಿದ್ದ ಐಸ್ ಮಾರುವವನು ನಿಟ್ಟುಸಿರಿಟ್ಟ.

“ಅಂಥವನು ಇನ್ನು ಹುಟ್ಟಲ್ಲ ಬಿಡಿ,” ಎಂದ ಮೀನು ಹರಾಜಿನವನು. ಅವಳ ಗಂಡನಿಗೆ ‘ಆಮೆಡಾಕ್ಟ್ರು’ ಎಂದು ಹೆಸರಿಟ್ಟು ಮೀನು ಇಳಿಸುವ ದಕ್ಕೆಯ ತುಂಬ ನಗಿಸಿದ್ದವನು ಇವನೇ.

ಅವಳು ಅಲ್ಲಿ ನಿಲ್ಲಲಾಗದೆ ಮುಖ ತೊಳೆಯಲು ಪಕ್ಕದಲ್ಲಿದ್ದ, ಬಲೆ ಎತ್ತಬೇಡವೆಂದ ಆ ಭಾವನ ಮನೆಯ ಬಚ್ಚಲಿಗೆ ಹೋದಳು. ಹಂಡೆಯ ಮೇಲಿನ ಮೊಳೆಗೆ ನೇತುಬಿದ್ದು ಪುಟ್ಟ ಹಸಿರು ದೀಪವೊಂದು ಉರಿಯುತ್ತಿತ್ತು.

*

ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಗಂಡ ತಳ್ಳುಗಾಡಿಯಲ್ಲಿ ಆಮೆಯೊಂದನ್ನು ಮನೆಗೇ ತಂದಿದ್ದ. ಅದರ ಕತ್ತು ಜೋತುಬಿದ್ದಿತ್ತು. ಒಳಗೆ ಹೋಗಿ ತನ್ನ ದಿಂಬು ತಂದು ಅದರ ಬಾಲದ ಕೆಳಗೆ ತುರುಕಿದ.

“ಸತ್ತಿದ್ದಕ್ಕೆ ದಿಂಬು ಬೇರೆ ಕೇಡು!” ಎಂದು ಇವಳು ರೇಗಿದ್ದಳು.

“ಸತ್ತಿದೆ ಅಂತ ನಿಂಗ್ಯಾರು ಹೇಳಿದ್ರು? ಹಿಂಭಾಗ ಎತ್ತರ ಇದ್ರೆ ಒಳಗಿನ ನೀರು ಇಳಿಯುತ್ತೆ. ಸುಮ್ನೆ ಒದ್ದೆ ಬಟ್ಟೆ ತಗೊಂಡು ಬಾ.”

ಸಂಜೆಯ ಹೊತ್ತಿಗೆ ಅದು ಮುದುಕಿಯ ಹಾಗೆ ಉಸ್ಸೆಂದಿತು. ಅವನು ಅದನ್ನು ಕಡಲಿಗೆ ಬಿಟ್ಟು ಬಂದು, ತೊಳೆದ ದಿಂಬಿನ ಮೇಲೆ ಹಾಯಾಗಿ ನಿದ್ದೆ ಮಾಡಿದ. ದಿಂಬಿನ ವಾಸನೆಗೆ ಇವಳಿಗೇ ನಿದ್ದೆ ಹತ್ತಲಿಲ್ಲ.

ಆಮೇಲೆ ಮೀನುಗಾರಿಕೆ ಇಲಾಖೆಯವರು ಎಲ್ಲರಿಗೂ ಹಸಿರು ದೀಪ ಹಂಚಿದರು. ಬಲೆಗೆ ಕಟ್ಟಿದರೆ ಆಮೆ ದೂರದಿಂದಲೇ ಕಂಡು ಪಕ್ಕಕ್ಕೆ ಸರಿಯುತ್ತದೆ, ಮೀನಿಗೇನೂ ಕಡಿಮೆಯಾಗುವುದಿಲ್ಲ ಎಂದರು. ದೀಪಗಳು ಬಲೆಗೆ ಹೋದದ್ದು ಇವರ ಮನೆಯಲ್ಲಿ ಮಾತ್ರ. ಉಳಿದವರ ಮನೆಯಲ್ಲಿ ಕೋಳಿಗೂಡು, ಅಂಗಡಿ ಬಾಗಿಲು ಬೆಳಗಿದವು. ಅವನು ಮನೆಮನೆಗೆ ಹೋಗಿ ಕೈಮುಗಿದ. ಎಲ್ಲರೂ ಕೂರಿಸಿ ಚಹಾ ಕೊಟ್ಟು ಕಳಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

“ನಿಮಗ್ಯಾಕ್ರೀ ಊರ ಉಸಾಬರಿ?” ಎಂದು ಇವಳೂ ಅಂದಿದ್ದಳು. ಅಂದಿದ್ದೇನು, ದಿನಾ ಅನ್ನುತ್ತಿದ್ದಳು.

*

ದೀಪವನ್ನು ಮೊಳೆಯಿಂದ ಕಿತ್ತುಕೊಂಡು ಅವಳು ಹಜಾರಕ್ಕೆ ಬಂದಳು. ಭಾವ ಚಟ್ಟದ ಹಗ್ಗ ಬಿಗಿಯುತ್ತಿದ್ದವರು ತಲೆಯೆತ್ತಿದರು. ಮದುವೆಯಾದಂದಿನಿಂದ ಅವರೆದುರು ಅವಳು ದನಿ ಎತ್ತಿದವಳಲ್ಲ.

“ಬಚ್ಚಲಿಗೆ ಆಮೆ ಬರುತ್ತಾ ಭಾವ?”

“ಏನಮ್ಮಾ ಇದು, ಜನ ಸೇರಿರೋ ಹೊತ್ತಲ್ಲಿ...”

“ಬಲೆ ಎತ್ತೋಕೆ ದೋಣಿ ಕಳಿಸಿ.”

“ನನ್ನ ತಮ್ಮ ಇಲ್ಲಿ ಮಲಗಿರುವಾಗ ದೋಣಿ ಇಳಿಸೋದಾ? ನಾಲ್ಕು ಜನ ಏನಂತಾರೆ?”

“ಆ ನಾಲ್ಕು ಜನಾನೇ ಅಲ್ವಾ ಅವರ ಮಾತು ಕೇಳದೆ ನಕ್ಕಿದ್ದು? ಈಗ ಹೊಗಳಿದ್ದು ಸಾಕು.” ಅವಳು ದೀಪವನ್ನು ಭಾವನ ಅಂಗೈಗೆ ಹಾಕಿದಳು. “ನಾನೇ ಹೋಗ್ತೀನಿ. ಬರೋವರೆಗೆ ಅವರನ್ನ ಎತ್ತಬೇಡಿ.”

“ದುಃಖಕ್ಕೆ ತಲೆ ಕೆಟ್ಟಿದೆ,” ಎಂದರು ಯಾರೋ.

ಅವಳು ದಂಡೆಗಿಳಿದು ಒಬ್ಬಳೇ ದೋಣಿಗೆ ಬೆನ್ನು ಕೊಟ್ಟು ತಳ್ಳತೊಡಗಿದಳು. ಅದು ಅಲುಗಲಿಲ್ಲ. ಮರಳಲ್ಲಿ ಕಾಲು ಹೂತು, ಬಾಯಿಗೆ ಬಂದಂತೆ ಎಲ್ಲರನ್ನೂ ಬೈಯುತ್ತಾ, ಕೊನೆಗೆ ಸತ್ತವನನ್ನೂ ಬೈದಳು. ಅಷ್ಟರಲ್ಲಿ ದೋಣಿ ಸರಿಯಿತು. ತಿರುಗಿ ನೋಡಿದರೆ ಇನ್ನೊಂದು ಬದಿಯಲ್ಲಿ ಅಳಿಯ ಭುಜ ಕೊಟ್ಟಿದ್ದ.

ಗಂಡ ಬಿಟ್ಟಿದ್ದ ಬಲೆಯಲ್ಲಿ ದೀಪಗಳು ಉರಿಯುತ್ತಲೇ ಇದ್ದವು. ಮೀನು ಮೆತ್ತಗಾಗಿತ್ತು, ಆಮೆ ಇರಲಿಲ್ಲ. ಅದರಾಚೆ ಬಲೆಗೆ ಕಟ್ಟಿದ ಕೆಂಪು ತೇಲುಗಳ ಸಾಲು ಭಾವನದು.

“ಅದನ್ನೂ ಎಳೀರಿ,” ಎಂದಳು.

“ಬೇರೆಯವರ ಬಲೆ ಅತ್ತೆ, ಜಗಳ ಆಗುತ್ತೆ.”

“ಆಗ್ಲಿ.”

ಅರ್ಧ ಎಳೆಯುವಷ್ಟರಲ್ಲಿ ಬಲೆ ಭಾರವಾಯಿತು.

*

ಟಾರ್ಪಾಲಿನ ಎರಡು ತುದಿ ಅವಳು, ಎರಡು ತುದಿ ಅಳಿಯ ಹಿಡಿದುಕೊಂಡು ಹಜಾರಕ್ಕೆ ಬಂದಾಗ ಕುರ್ಚಿಗಳಲ್ಲಿ ಕೂತಿದ್ದವರು ಎದ್ದು ಹಿಂದೆ ಸರಿದರು. ಇಬ್ಬರೂ ಆಮೆಯನ್ನು ಮಂಚದ ಪಕ್ಕದಲ್ಲಿ ಇಳಿಸಿದರು. ಅದರ ಕತ್ತು ಜೋತುಬಿದ್ದಿತ್ತು.

“ನಿಮ್ಮ ಬಲೇಲಿ ಸಿಕ್ಕಿದ್ದು ಭಾವ.”

ದೀಪ ಇನ್ನೂ ಭಾವನ ಕೈಯಲ್ಲೇ ಇತ್ತು.

“ಸತ್ತಿದೆ ಅನ್ಸುತ್ತೆ,” ಎಂದ ಐಸ್ ಮಾರುವವನು.

“ಸತ್ತಿದೆ ಅಂತ ನಿಂಗ್ಯಾರು ಹೇಳಿದ್ರು?” ಎಂದಳು ಅವಳು.

ಹರಾಜಿನವನು ಗಂಟಲು ಸರಿಮಾಡಿಕೊಂಡ. “ಆಗ್ಲೇ ಹೊತ್ತು ಮೀರಿದೆ. ಎತ್ತೋಣ್ವಾ?”

ಅವಳು ಗಂಡನ ತಲೆಯನ್ನು ಒಂದು ಕೈಯಲ್ಲಿ ಮೆಲ್ಲಗೆ ಎತ್ತಿದಳು. ಇನ್ನೊಂದು ಕೈಯಲ್ಲಿ ದಿಂಬನ್ನು ಎಳೆದುಕೊಂಡು ತಲೆಯನ್ನು ಬರಿಯ ಮಂಚದ ಮೇಲೆ ಮಲಗಿಸಿದಳು. ಆಮೇಲೆ ಮಂಡಿಯೂರಿ, ದಿಂಬನ್ನು ಆಮೆಯ ಬಾಲದ ಕೆಳಗೆ ತುರುಕಿದಳು.

“ಇರಿ. ನೀರು ಇಳೀಲಿ.”

ಯಾರೂ ಕೂರಲಿಲ್ಲ, ಯಾರೂ ಹೊರಡಲಿಲ್ಲ. ಆಮೆಯ ಬಾಯಿಂದ ಒಂದೆಳೆ ನೀರು ಹೊರಟು, ಕುರ್ಚಿಗಳ ಕಾಲುಗಳ ನಡುವೆ ನಿಧಾನವಾಗಿ ಹರಿದು ಭಾವನ ಬರಿಗಾಲನ್ನು ಮುಟ್ಟಿತು. ಅವರು ಕಾಲು ತೆಗೆಯಲಿಲ್ಲ.