ಒಂದು ರಾತ್ರಿಯ ಪರವಾನಿಗೆ

ಅಯ್ಯೂಬ ಎರಡನೇ ಮೊಳೆ ಹೊಡೆಯುತ್ತಿದ್ದಾಗ ಕರೆವ್ವ ಬಂದು ಅವನ ರಟ್ಟೆ ಹಿಡಿದಳು.

"ಮೆಲ್ಲಕ ಹೊಡಿ ತಮ್ಮಾ."

ಗೋಡೆಗೆ ಒರಗಿಸಿ ಕೂಡಿಸಿದ್ದ ಹನಮಪ್ಪನ ಹೆಣ ವಾಲದಂತೆ ಬಟ್ಟೆ ಬಿಗಿಯಲು ಮೊಳೆ ಬೇಕಾಗಿತ್ತು. ಅಯ್ಯೂಬ ಸುತ್ತಿಗೆಗೆ ಟವೆಲ್ಲು ಸುತ್ತಿಕೊಂಡು ಹೊಡೆದ. ಬೆಟಗೇರಿಯ ಆ ಓಣಿಯಲ್ಲಿ ಹಗಲು ಹೊತ್ತು ಹನಮಪ್ಪನ ಮನೆ ಮುಂದೆ ಯಾರೂ ಸದ್ದು ಮಾಡುತ್ತಿರಲಿಲ್ಲ. ಮೂವತ್ತೊಂದು ವರ್ಷ ಹತ್ತಿ ಗೋದಾಮಿನಲ್ಲಿ ರಾತ್ರಿ ಕಾವಲು ಕಾದವನು. ಬೆಳಿಗ್ಗೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನಕ್ಕೆ. ತರಕಾರಿ ಗಾಡಿಯವರು ಸಹ ಆ ಮನೆ ದಾಟುವ ತನಕ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು. ಇವತ್ತೂ ಕರೆವ್ವ ಗಂಡನನ್ನು ಊಟಕ್ಕೆ ಎಬ್ಬಿಸಲು ಹೋದದ್ದು ಹನ್ನೆರಡಕ್ಕೆ. ಮೈ ತಣ್ಣಗಾಗಿತ್ತು. ಅವನು ಸತ್ತ ಮೇಲೂ ಎಷ್ಟು ಹೊತ್ತು ಆಕೆ ಪಾತ್ರೆ ಸದ್ದಾಗದಂತೆ ಅಡುಗೆ ಮಾಡಿದ್ದಳೋ, ಯಾರು ಬಲ್ಲರು.

ಖಬರ ಮುಟ್ಟಿದಾಗ ಪಕ್ಕದ ಮನೆಯ ಅಯ್ಯೂಬನಿಗೆ ಮೊದಲು ನೆನಪಾದದ್ದು ತನ್ನ ಮನೆಯ ಸ್ಲ್ಯಾಬು. ಹನಮಪ್ಪ ನೆನಪಾದದ್ದು ಆಮೇಲೆ. ಆ ನಾಚಿಕೆಗೇ ಅವನು ಎಲ್ಲರಿಗಿಂತ ಮುಂಚೆ ಓಡಿ ಬಂದಿದ್ದ.

ಸ್ಲ್ಯಾಬು ಹಾಕಲೆಂದು ಹಳೆಯ ಮಣ್ಣಿನ ಮಾಳಿಗೆ ಇಳಿಸಿ ಆರು ವಾರವಾಗಿತ್ತು. ಅವನು, ಹೆಂಡತಿ ಗುಲ್ನಾಜ, ಇಬ್ಬರು ಮಕ್ಕಳು ತಾಡಪತ್ರಿಯ ಕೆಳಗೆ ಮಲಗುತ್ತಿದ್ದರು. ಓಣಿಯ ಬಾಯಿ ಇರುವುದು ಸಂತೆ ರಸ್ತೆಗೆ, ಹಗಲು ಅಲ್ಲಿ ಕಾಂಕ್ರೀಟಿನ ಮಿಷಿನ್ ನಿಲ್ಲಿಸುವಂತಿಲ್ಲ. ರಾತ್ರಿ ಕೆಲಸಕ್ಕೆ ನಗರಸಭೆಯ ಪರವಾನಿಗೆ ಬೇಕು, ಪರವಾನಿಗೆಗೆ ಅಕ್ಕಪಕ್ಕದವರ ಸಹಿ ಬೇಕು. ಅರ್ಜಿ ಎರಡು ಸಲ ವಾಪಸು ಬಂದು, ಮೂರನೆಯ ಸಲ ಒಂದೇ ಒಂದು ರಾತ್ರಿಗೆ ಮಂಜೂರಾಗಿತ್ತು. ಆ ರಾತ್ರಿ ಇವತ್ತೇ.

"ಹಗಲಿನ್ಯಾಗ ಇಂವ ಇಷ್ಟೊತ್ತು ಎದ್ದು ಕುಂತದ್ದ ನಾ ನೋಡಿಲ್ಲ," ಎಂದು ಎದುರುಮನೆಯ ಹೇಮಪ್ಪ ಹೆಣದ ಕಡೆ ನೋಡಿ ನಗಲು ಹೋದ. ಅರ್ಧಕ್ಕೇ ಎದ್ದು ಹೊರಗೆ ಹೋದ.

ಒಳಗೆ ಓಣಿಯ ಚನ್ನವ್ವ ಎದೆ ಬಡಿದುಕೊಂಡು ಅಳತೊಡಗಿದಳು. ಕರೆವ್ವ ಆಕೆಯ ಬಾಯಿಯ ಮೇಲೆ ಕೈ ಇಟ್ಟಳು.

"ಸಣ್ಣ ದನೀಲೆ ಅಳು, ಚನ್ನವ್ವ."

ಹೆಂಗಸರು ಮುಖ ಮುಖ ನೋಡಿಕೊಂಡರು. "ಈಕಿ ಕಣ್ಣಾಗ ಒಂದು ಹನಿ ಇಲ್ಲಬೇ," ಎಂದು ಒಬ್ಬಳು ಪಿಸುಗುಟ್ಟಿದಳು. "ಹೆಂಗರ ಮಾಡಿ ಅಳಿಸ್ರಿ. ಇಲ್ಲಾಂದ್ರ ಎದ್ಯಾಗ ಉಳೀತೈತಿ."

ಅಯ್ಯೂಬ ಹಿತ್ತಲಿಗೆ ಹೋಗಿ ಮಾಶಾಕ ಮೇಸ್ತ್ರಿಗೆ ಫೋನು ಹಚ್ಚಿದ.

"ಇವತ್ತು ಬರಬ್ಯಾಡ ಮಾಶಾಕಭಾಯಿ."

"ಪರವಾನಿಗಿ ಇವತ್ತೊಂದ ರಾತ್ರಿಗೆ ಅಷ್ಟ ಐತೆಲ್ಲೋ. ಮತ್ತ ಯಾವಾಗ ಕೊಡ್ತಾರ ಅವರು?"

"ಗೊತ್ತೈತಿ."

"ಕಪ್ಪತಗುಡ್ಡದ ಮ್ಯಾಲೆ ಮಳಿ ಮಾಡ ನೋಡೀಯಿಲ್ಲೋ? ತಾಡಪತ್ರಿ ತಡೀತೈತೇನು?"

"ಬ್ಯಾಡ ಅಂದ್ರ ಬ್ಯಾಡ," ಎಂದು ಅಯ್ಯೂಬ ಫೋನು ಕಿಸೆಗೆ ಹಾಕಿದ. ಹಿಂದೆ ಗುಲ್ನಾಜ ನಿಂತಿದ್ದಳು. ಮಳೆಗೆ ನೆನೆಯದಂತೆ ಮಕ್ಕಳ ಹಾಸಿಗೆ ಮಡಚಲು ಹೋದಳು.

*

ಅರ್ಜಿ ಎರಡನೆಯ ಸಲ ವಾಪಸು ಬಂದಿದ್ದು ಹೇಮಪ್ಪ ಸಹಿ ಹಾಕಲಿಲ್ಲವೆಂದು. ಅವತ್ತು ಸಂಜೆ ಹನಮಪ್ಪ ಡ್ಯೂಟಿಗೆ ಹೊರಟವನು ಬುತ್ತಿ ಚೀಲ ಹೆಗಲಿಗೆ ಹಾಕಿಕೊಂಡೇ ಅಯ್ಯೂಬನನ್ನು ಎದುರುಮನೆಗೆ ಕರೆದೊಯ್ದ.

"ನನಗ ಬಿ.ಪಿ. ಐತಿ ಹನಮಪ್ಪ. ಒಂದ ರಾತ್ರಿ ನಿದ್ದಿ ಕೆಟ್ರ ನನ್ನ ಕತಿ ಮುಗೀತು," ಎಂದ ಹೇಮಪ್ಪ.

"ಮೂವತ್ತೊಂದು ವರ್ಷ ಕೆಟ್ಟೈತಿ ನಂದು. ಮುಗದೈತೇನ್ಲೇ?"

"ನಿನ್ನ ಮಾತ ಬ್ಯಾರೆ. ಹಗಲೆಲ್ಲಾ ಗೊರಕಿ ಹೊಡೀತಿ, ಓಣಿ ಮಂದಿ ಬಾಯಿಗೆ ಬಟ್ಟಿ ಇಟಗೊಂಡು ಅಡ್ಡಾಡತೀವಿ. ಯಾವ ನಗರಸಭೆಯವರು ಕೊಟ್ಟಾರ ನಿನಗ ಪರವಾನಿಗಿ?"

ಹನಮಪ್ಪ ಗಹಗಹಿಸಿ ನಕ್ಕ. ಬುತ್ತಿ ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕೂತ.

"ಅದನ್ನ ಅಂತೀನಿ ಹೇಮಣ್ಣ. ನನ್ನ ನಿದ್ದಿಗೆ ನೀವೆಲ್ಲಾ ಇಷ್ಟು ವರ್ಷ ಸುಮ್ನಿದ್ರಿ. ಇವನ ಮಕ್ಕಳ ನಿದ್ದಿಗೆ ಒಂದ ರಾತ್ರಿ ಎಚ್ಚರಿರ್ರಿ. ನಾನೂ ಅವತ್ತು ರಜಾ ಹಾಕತೀನಿ. ಓಣಿ ಬಾಯಾಗ ನಿಂತು ಗಾಡಿ ತಿರುಗಸ್ತೀನಿ."

"ನೀ? ರಜಾ? ಮಗಳ ಲಗ್ನಕ್ಕ ಹಾಕಿದ್ದು ಅಷ್ಟ ಅಲ್ಲೇನ್ಲೇ?"

"ಹೌದಪಾ. ಇನ್ನೊಂದು ಉಳದೈತಿ ಅಂತ ತಿಳಿ. ಸಹಿ ಹಾಕು, ಡ್ಯೂಟಿಗೆ ಹೊತ್ತಾಗತೈತಿ."

ಹೇಮಪ್ಪ ಬೈಯುತ್ತಲೇ ಸಹಿ ಹಾಕಿದ್ದ.

*

ಗಂಡನ ಊರು ಡೋಣಿಯಿಂದ ಮಗಳು ನೀಲಾ ಬಂದ ಮೇಲೆ ಹೆಣ ಎತ್ತಿದರು. ಅಯ್ಯೂಬ ಒಂದು ಕಡೆ, ಹೇಮಪ್ಪ ಒಂದು ಕಡೆ ಹೆಗಲು ಕೊಟ್ಟರು. ಹೊತ್ತು ಮುಳುಗುವುದರೊಳಗೆ ಎಲ್ಲರೂ ಮಣ್ಣು ಹಾಕಿ ಮುಗಿಸಿದರು.

ವಾಪಸು ಬಂದಾಗ ಕರೆವ್ವ ಬಾಗಿಲಲ್ಲೇ ನಿಂತಿದ್ದಳು. ಓಣಿಯಲ್ಲಿ ಹಾಕಿದ್ದ ಉಸುಕು, ಜಲ್ಲಿಕಡಿಯ ಗುಂಪಿಗಳ ಕಡೆ ನೋಡುತ್ತಿದ್ದಳು.

"ಮಿಷಿನ್ ಎಲ್ಲೈತಿ ಅಯ್ಯೂಬ?"

"ಬರಬ್ಯಾಡ ಅಂತ ಹೇಳೀನಿ ಚಿಗವ್ವ."

"ಯಾಕ?"

"ಯಾಕ ಅಂದ್ರ..." ಅಯ್ಯೂಬ ನೆಲ ನೋಡಿದ. "ಕಾಕಾನ ಮಣ್ಣ ಮಾಡಿ ಬಂದ ಕೈಲೆ ಹೆಂಗ ಮಾಡ್ಲಿ? ದುಃಖದ ಮನಿ ಮಗ್ಗಲಕ ಆ ಗದ್ಲ..."

"ಗದ್ಲನ ಬೇಕಾಗೇತಿ ನನಗ."

ನೀಲಾ ತಾಯಿಯ ಹೆಗಲು ಹಿಡಿಯಲು ಬಂದಳು. ಕರೆವ್ವ ಆಕೆಯ ಕೈ ಸರಿಸಿದಳು.

"ಮಧ್ಯಾಹ್ನದಿಂದ ನೋಡಾಕತ್ತೀನಿ ತಮ್ಮಾ. ದನಿ ಮ್ಯಾಲೆ ಏಳವಲ್ದು. ಅಂವ ಮನ್ಯಾಗ ಇದ್ರ ಪಿಸುಮಾತು. ಇಲ್ಲದಾಗ ಯಾರ ಕೂಡ ಮಾತಾಡ್ಲಿ? ಈಗ ಮಂದಿ ಎಲ್ಲಾ ಕಿವಿ ಹಚ್ಚಿ ಕುಂತಾರ, ಕರೆವ್ವ ಯಾವಾಗ ಅಳ್ತಾಳ ಅಂತ." ಆಕೆ ಸೆರಗಿನಿಂದ ಒಣ ಬಾಯಿ ಒರೆಸಿಕೊಂಡಳು. "ಜಲ್ದಿ ಫೋನ್ ಹಚ್ಚು. ಮಿಷಿನ್ ತರಸು."

ಅಯ್ಯೂಬ ಹೇಮಪ್ಪನ ಮುಖ ನೋಡಿದ. ಹೇಮಪ್ಪ ಒದ್ದೆ ಪಂಚೆಯಲ್ಲೇ ಓಣಿಯ ಬಾಯಿಗೆ ನಡೆದು, ಅಡ್ಡ ನಿಲ್ಲಿಸಿದ್ದ ಯಾರದೋ ಬೈಕು ದೂಡತೊಡಗಿದ.

ಒಂಬತ್ತೂವರೆಗೆ ಮಾಶಾಕನ ಆಳುಗಳು ಬಂದರು. ಮಿಷಿನ್ ಕೆಮ್ಮಿ, ಹೊಗೆ ಉಗುಳಿ, ಗಡಗಡನೆ ತಿರುಗಿತು. ಕಾಂಕ್ರೀಟಿನ ಬುಟ್ಟಿಗಳು ಕೈಯಿಂದ ಕೈಗೆ ಏಣಿ ಹತ್ತಿದವು. ಅಯ್ಯೂಬ ಮೇಲೆ ನಿಂತು ಬುಟ್ಟಿ ಸುರುವಿಕೊಳ್ಳುತ್ತಿದ್ದ. ಅಲ್ಲಿಂದ ಕರೆವ್ವನ ಹಿತ್ತಲು ಕಾಣುತ್ತಿತ್ತು. ಆಕೆ ಬಚ್ಚಲ ಕಲ್ಲಿನ ಮೇಲೆ ಕೂತಿದ್ದಳು. ಕತ್ತು ಮೇಲೆತ್ತಿದ್ದಳು, ಬಾಯಿ ಪೂರ್ತಿ ತೆರೆದಿತ್ತು, ಎರಡೂ ಕೈ ತೊಡೆಗೆ ಬಡಿಯುತ್ತಿದ್ದವು. ದನಿ ಮಾತ್ರ ಯಾರಿಗೂ ಕೇಳಿಸುತ್ತಿರಲಿಲ್ಲ.

ಕೆಳಗೆ ಸಿಮೆಂಟು ತರುವ ಆಳು ತಡಮಾಡಿದ. ಮಿಷಿನ್ ಖಾಲಿಯಾಯಿತು. ಡೀಸೆಲ್ ಸುಮ್ಮನೆ ಯಾಕೆ ಸುಡಬೇಕೆಂದು ಮಾಶಾಕ ಬಂದ್ ಮಾಡಲು ಕೈ ಚಾಚಿದ.

ಅಯ್ಯೂಬ ಮೇಲಿನಿಂದಲೇ ಎರಡೂ ಕೈ ಬೀಸಿದ. ಬೇಡ, ಬೇಡ.

ಮಾಶಾಕ ತಿಳಿಯದೆ ತಲೆ ಕೆರೆದುಕೊಂಡು ಹಿಂದೆ ಸರಿದ. ಖಾಲಿ ಡ್ರಮ್ಮು ತಿರುಗುತ್ತಲೇ ಇತ್ತು.