ಬಾಯಿಪಾಠದ ಆಕಾಶ

ನನ್ನ ಕನ್ನಡಕದ ಅಂಗಡಿಯ ಗೋಡೆಯಲ್ಲಿ ಒಂದು ಅಕ್ಷರಪಟ್ಟಿ ಇದೆ. ಮೂವತ್ತು ವರ್ಷದಿಂದ ಅದೇ ಪಟ್ಟಿ, ಅದೇ ಮೊಳೆ. ವರ್ಷಕ್ಕೊಮ್ಮೆ ಗಿರಾಕಿಯ ಕುರ್ಚಿಯಲ್ಲಿ ಕೂತು ನನ್ನ ಕಣ್ಣನ್ನು ನಾನೇ ಪರೀಕ್ಷಿಸಿಕೊಳ್ಳುತ್ತೇನೆ. ಕಡೆಯ ಸಾಲನ್ನೂ ಗಡಗಡ ಓದಿಬಿಡುತ್ತೇನೆ. ನನ್ನ ಕಣ್ಣಿಗೇನೂ ಆಗಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು.

ಅಂಗಡಿಯ ಮೇಲೆ ಮನೆ, ಮನೆಯ ಮೇಲೆ ತಾರಸಿ, ತಾರಸಿಯ ಮೇಲೆ ನನ್ನ ದೂರದರ್ಶಕ. ಅದರ ಕನ್ನಡಿಯನ್ನು ಎರಡು ವರ್ಷ ಕೂತು ನಾನೇ ಉಜ್ಜಿ ಮಾಡಿದ್ದು. ದೂರದ ಒಂದು ಗ್ಯಾಲಕ್ಸಿಯ ಮೇಲೆ ನನಗೆ ಹುಚ್ಚು. ನೆಲಕ್ಕೆ ಹಿಟ್ಟು ಚೆಲ್ಲಿದಂಥ ಮಬ್ಬು, ಅದರ ಸುತ್ತಮುತ್ತ ಹದಿನಾಲ್ಕು ನಕ್ಷತ್ರ. ಆ ಮಬ್ಬಿನಲ್ಲಿ ಎಂದಾದರೂ ಒಂದು ನಕ್ಷತ್ರ ಸಿಡಿಯಬೇಕು, ಸೂಪರ್‌ನೋವಾ ಆಗಿ ಬೆಳಗಬೇಕು, ಅದನ್ನು ಎಲ್ಲರಿಗಿಂತ ಮೊದಲು ನಾನು ಕಾಣಬೇಕು. ಬದುಕಿನಲ್ಲಿ ಬೇರೆ ಆಸೆ ಇಟ್ಟುಕೊಂಡವನಲ್ಲ. ಸಂಜೆ ಬಾಗಿಲೆಳೆದು ಮೇಲೆ ಹತ್ತುವುದು, ಪುಸ್ತಕದಲ್ಲಿ ಹದಿನಾಲ್ಕು ಚುಕ್ಕಿ ಇಟ್ಟು ಊಟಕ್ಕೆ ಇಳಿಯುವುದು. ನನ್ನ ಹೆಂಡತಿ ಇದಕ್ಕೆ ‘ಸವತಿ ಮನೆಗೆ ಹೋಗಿಬರೋದು’ ಎನ್ನುತ್ತಾಳೆ.

ಹೋದ ತಿಂಗಳು ಅವಳ ಕಣ್ಣಿನ ಪೊರೆ ತೆಗೆಸಿದೆವು. ಅಂದಿನಿಂದ ಗೋಡೆಯ ಬಿರುಕು, ನನ್ನ ಕಿವಿಯ ಕೂದಲು, ಒಂದನ್ನೂ ಅವಳು ಬಿಡುತ್ತಿಲ್ಲ. ಒಂದು ಸಂಜೆ ನನ್ನ ಹಿಂದೆಯೇ ಮೆಟ್ಟಿಲು ಹತ್ತಿದಳು.

“ನಿಮ್ಮವಳನ್ನ ನಾನೂ ಒಂದ್ಸಲ ನೋಡ್ತೀನಿ.”

ಗಾಳಿ ಬೆಚ್ಚಗಿತ್ತು. ಬೀದಿಯ ಸದ್ದು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಅವಳು ಬಗ್ಗಿ ಕಣ್ಣಿಟ್ಟು, ನನ್ನ ಪುಸ್ತಕದ ಚುಕ್ಕಿಗಳ ಜೊತೆ ಒಂದೊಂದಾಗಿ ಹೋಲಿಸುತ್ತಾ ಎಣಿಸಿದಳು.

“ಹದಿನೈದಿವೆ,” ಅಂದಳು ಕೊನೆಗೆ.

“ಹದಿನಾಲ್ಕು.”

“ಹದಿನೈದು ರೀ. ಮಬ್ಬಿನ ಅಂಚಲ್ಲಿ, ಬಲಗಡೆ. ನಿಮ್ಮ ಪುಸ್ತಕದಲ್ಲಿ ಅದಿಲ್ಲ.”

ನಾನು ನೋಡಿದೆ. ಹದಿನಾಲ್ಕು. ಗಾಜು ಒರೆಸಿ ನೋಡಿದೆ. ಆಗಲೂ ಹದಿನಾಲ್ಕೇ. ಅಲೆಯುವ ಯಾವುದೋ ಪುಟ್ಟ ಆಕಾಶದ ಕಲ್ಲಿರಬೇಕು, ಸ್ವಲ್ಪ ಹೊತ್ತಿನಲ್ಲಿ ಜಾಗ ಬಿಡುತ್ತದೆ ಎಂದೆ. ಚಾಪೆ ಹಾಸಿ ಕೂತೆವು. ಅವಳು ನನ್ನ ಭುಜಕ್ಕೆ ಒರಗಿದಳು. ಎರಡು ಗಂಟೆ ಕಳೆದ ಮೇಲೆ ಎದ್ದು ನೋಡಿದಳು. ಅದು ಇದ್ದಲ್ಲೇ ಇತ್ತಂತೆ.

ನನಗೆ ಅನುಮಾನ ಹುಟ್ಟಿತು, ಆದರೆ ಅವಳ ಮೇಲಲ್ಲ. ದೂರದರ್ಶಕದ ಕೊಳವೆಯನ್ನು ಆಕಾಶದಲ್ಲಿ ನನಗೆ ಗುರುತಿಲ್ಲದ ಯಾವುದೋ ಮೂಲೆಗೆ ತಿರುಗಿಸಿ, ಎಣಿಸು ಎಂದೆ. ಅವಳು ಒಂಬತ್ತು ಎಣಿಸಿದಳು. ನನಗೆ ಕಂಡದ್ದು ಮೂರು.

ಅಕ್ಷರಪಟ್ಟಿಯ ಹಾಗೆಯೇ ಆಕಾಶವೂ ನನಗೆ ಬಾಯಿಪಾಠವಾಗಿತ್ತು. ಎಷ್ಟು ವರ್ಷದಿಂದ ಕಾಣದ ಚುಕ್ಕಿಗಳನ್ನು ಪುಸ್ತಕದಲ್ಲಿ ಇಡುತ್ತಿದ್ದೆನೋ ದೇವರಿಗೇ ಗೊತ್ತು.

ವೀಕ್ಷಣಾಲಯದಲ್ಲಿ ನಮಗೆ ಬೇಕಾದವಳೊಬ್ಬಳಿದ್ದಾಳೆ. ಅವಳ ಮೊದಲ ಕನ್ನಡಕ ನಾನೇ ಮಾಡಿಕೊಟ್ಟದ್ದು, ಸೋಡಾಬುಡ್ಡಿ ಎಂದು ಹೆಸರಿಟ್ಟವನೂ ನಾನೇ. ಫೋನ್ ಮಾಡಿ ಜಾಗ ಹೇಳಿದೆ.

“ಕಣ್ಣಾರೆ ನೋಡಿದ್ದು ನೀವೇ ಅಲ್ವಾ ಅಂಕಲ್? ಹೆಸರು ಬರ್ಕೋಬೇಕು.”

ಹೂಂ ಅಂದರೆ ಸಾಕಿತ್ತು. ಹೆಂಡತಿ ಬೆನ್ನು ಹಾಕಿ ಚಾಪೆ ಸುತ್ತುತ್ತಿದ್ದಳು, ಅವಳು ಬಾಯಿಬಿಡುವವಳಲ್ಲ. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ಮೂವತ್ತು ವರ್ಷ ಕಾದವನು ನಾನು, ಕಂಡದ್ದು ಒಂದೇ ದಿನ ಹತ್ತಿಬಂದ ಇವಳಿಗೆ.

“ಇಲ್ಲಮ್ಮ, ನಿಮ್ಮ ಆಂಟಿ ನೋಡಿದ್ದು,” ಎಂದೆ. “ನನಗೆ ಕಾಣ್ತಿಲ್ಲ.”

ಚಾಪೆ ಸುತ್ತುತ್ತಿದ್ದ ಕೈ ಅಲ್ಲೇ ನಿಂತಿತು.

ಮೂರನೇ ದಿನ ಸೋಡಾಬುಡ್ಡಿಯೇ ಫೋನ್ ಮಾಡಿದಳು. ಅವರ ಹಳೆಯ ಚಿತ್ರಗಳಲ್ಲಿ ಆ ಚುಕ್ಕಿ ಇರಲಿಲ್ಲ. ದೊಡ್ಡ ದೂರದರ್ಶಕದಲ್ಲಿ ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದ್ದರು. ಸೂಪರ್‌ನೋವಾ, ಅನುಮಾನವೇ ಇಲ್ಲ. ಐದು ಕೋಟಿ ವರ್ಷದ ಹಿಂದೆ ಸಿಡಿದದ್ದು ಈಗ ನಮ್ಮ ತಾರಸಿಗೆ ಬಂದು ಮುಟ್ಟಿತ್ತು. ಕಂಡುಹಿಡಿದವರ ಜಾಗದಲ್ಲಿ ನನ್ನ ಹೆಂಡತಿಯ ಹೆಸರು.

ಅವಳು ಹಿಗ್ಗಲಿಲ್ಲ. “ಎಷ್ಟು ದಿನ ಕಾಣುತ್ತೆ?” ಎಂದು ಮಾತ್ರ ಕೇಳಿದಳು.

“ನಮ್ಮದರಲ್ಲಿ ಹೆಚ್ಚೆಂದರೆ ಒಂದು ತಿಂಗಳು. ಆಮೇಲೆ ಮಸುಕಾಗುತ್ತೆ.”

ಅವತ್ತೇ ಅಂಗಡಿ ಮುಚ್ಚಿಸಿ ನನ್ನನ್ನು ಕಣ್ಣಿನ ಡಾಕ್ಟರ ಮುಂದೆ ಕೂರಿಸಿದಳು. “ಬೇರೆ ಪಟ್ಟಿ ಹಾಕಿ ಡಾಕ್ಟ್ರೇ, ಇವ್ರಿಗೆ ಅದೆಲ್ಲಾ ಬಾಯಿಪಾಠ.” ಎರಡನೇ ಸಾಲಿಗೇ ನಾನು ತಡವರಿಸಿದೆ. ಎರಡೂ ಕಣ್ಣಿನಲ್ಲಿ ಪೊರೆ. ಅದೇ ವಾರ ಬಲಗಣ್ಣಿನದು ತೆಗೆದರು. ಆಮೇಲೆ ಒಂಬತ್ತು ದಿನ ಮೋಡ ಕವಿದುಕೊಂಡಿತು. ಆ ಚುಕ್ಕಿ ಆರಿಹೋದರೆ ಇನ್ನೊಂದಕ್ಕೆ ಕಾಯುವಷ್ಟು ಆಯುಸ್ಸು ನನಗಿಲ್ಲ ಎಂದು ಮಗ್ಗುಲು ಬದಲಾಯಿಸುತ್ತಾ ಮಲಗಿರುತ್ತಿದ್ದೆ.

ಹತ್ತನೆಯ ಸಂಜೆ ಆಕಾಶ ತೊಳೆದಿಟ್ಟಂತಿತ್ತು. ಅವಳು ಕೈಹಿಡಿದು ಹತ್ತಿಸಿದಳು, ಪುಸ್ತಕ ಮಾತ್ರ ಮುಟ್ಟಗೊಡಲಿಲ್ಲ.

“ನಾನು ಹೇಳ್ಕೊಡಲ್ಲ. ನೀವೇ ಎಣಿಸಿ.”

ಬಗ್ಗಿದೆ. ಮಬ್ಬಿಗೆ ಸುರುಳಿ ಸುರುಳಿಯಾದ ತೋಳುಗಳಿದ್ದವು, ಅದನ್ನೇ ಮರೆತುಬಿಟ್ಟಿದ್ದೆ. ಒಂದೊಂದಾಗಿ ಎಣಿಸುತ್ತಾ ಬಲ ಅಂಚಿಗೆ ಬಂದೆ.

“ಹದಿನೈದು,” ಎಂದೆ.

“ಸರಿಯಾಗಿ ನೋಡಿ. ಹದಿನಾಲ್ಕಿರಬೇಕು.”

“ಹದಿನೈದು ಕಣೇ.”

ಅವಳು ಸೆರಗಿನ ತುದಿಯಿಂದ ನನ್ನ ಕೆನ್ನೆ ಒರೆಸಿದಳು.

“ಕಣ್ಣಿಗೆ ನೀರು ತಾಗಿಸ್ಬಾರ್ದು ಅಂತ ಡಾಕ್ಟ್ರು ಹೇಳಿದ್ದಾರೆ,” ಅಂದಳು.